ಏಳು ನೋಟ್‌ಬುಕ್, ಎರಡು ಮಡಿ ಮೆಂತ್ಯ: ಲೆಕ್ಕದಿಂದ ಎದ್ದು ಹೊಲಕ್ಕೆ ಇಳಿಯುವ ಬಗೆ

ನಮ್ಮ ಮನೆಯ ಅಟ್ಟದ ಮೇಲೆ ಏಳು ನೋಟ್‌ಬುಕ್‌ಗಳಿವೆ. ಇನ್ನೂರು ಪುಟದವು, ಗಟ್ಟಿ ರಟ್ಟಿನವು. ಒಂದರ ತುಂಬ ಶ್ರೀಗಂಧ, ಒಂದರ ತುಂಬ ನುಗ್ಗೆ, ಒಂದರಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಆಡು, ಇನ್ನೊಂದರಲ್ಲಿ ಪಾಲಿಹೌಸಿನ ದೊಣ್ಣೆ ಮೆಣಸಿನಕಾಯಿ. ಉಳಿದ ಮೂರರಲ್ಲಿ ಇವೆಲ್ಲವುಗಳ ಹೋಲಿಕೆ. 2011ರಿಂದ 2017ರವರೆಗೆ ಕೂತು ಬರೆದದ್ದು. ಆ ಆರು ವರ್ಷಗಳಲ್ಲಿ ನಾನು ನೆಲಕ್ಕೆ ಹಾಕಿದ ಬೀಜ ಒಂದೂ ಇಲ್ಲ.

ಒಮ್ಮೆ ಕೈ ಸುಟ್ಟುಕೊಂಡು, ಮತ್ತೆ ಸುಟ್ಟುಕೊಳ್ಳಬಾರದೆಂದು ಲೆಕ್ಕದ ಮೇಲೆ ಲೆಕ್ಕ ಹಾಕುತ್ತ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮದು ಹೊಲವೇ ಆಗಬೇಕೆಂದಿಲ್ಲ. ಮುಚ್ಚಿದ ಅಂಗಡಿ, ಬಿಟ್ಟ ಓದು, ಅರ್ಧಕ್ಕೆ ನಿಂತ ಮನೆ ಯಾವುದಾದರೂ ಆದೀತು. ನನಗೆ ಗೊತ್ತಿರುವುದು ಹೊಲ. ಆದ್ದರಿಂದ ಉದಾಹರಣೆಗಳೆಲ್ಲ ಅಲ್ಲಿನವೇ.

ಹುನಗುಂದ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ. ಕೆಳಗಿನ ಒಂದು ಎಕರೆ ಎರೆ, ಅಂದರೆ ಕಪ್ಪು ಮಣ್ಣು; ಮೇಲಿನ ಮೂರು ಮಸಾರಿ, ಅಂದರೆ ಕೆಂಪು ಮಣ್ಣು. 2006ರಲ್ಲಿ ಆ ಮೂರು ಎಕರೆಗೆ ಭಗವಾ ತಳಿಯ ದಾಳಿಂಬೆ ಹಾಕಿದೆ. ಸಾಲಿನಿಂದ ಸಾಲಿಗೆ ಹದಿನೈದು ಅಡಿ, ಗಿಡದಿಂದ ಗಿಡಕ್ಕೆ ಹತ್ತು ಅಡಿ. ಎಕರೆಗೆ 290ರಂತೆ 870 ಗಿಡ. ಮೊದಲ ಬೆಳೆ ಕಂಡು ಊರವರು ನನ್ನನ್ನು ಮಾತಿಗೆ ಮುಂಚೆ ‘ಸಾಹುಕಾರ್ರೇ’ ಎಂದು ಕರೆಯತೊಡಗಿದ್ದರು. ಆಮೇಲೆ ಬಂದದ್ದು 2009ರ ಮಳೆ. ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದು ಅಕ್ಟೋಬರ್ ಮೊದಲ ವಾರದವರೆಗೆ ಸುರಿದ ಆ ಮಳೆಯನ್ನು ಉತ್ತರ ಕರ್ನಾಟಕದಲ್ಲಿ ಯಾರೂ ಮರೆತಿಲ್ಲ. ಅದು ನಿಂತ ಕೆಲವೇ ದಿನಗಳಲ್ಲಿ ಎಲೆಗಳ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆ ಕಾಣಿಸಿದವು. ಚುಕ್ಕೆ ಕಪ್ಪಾಯಿತು, ಗೆಣ್ಣುಗಳಲ್ಲಿ ಟೊಂಗೆ ಮುರಿದವು, ಕಾಯಿಗಳು ಗಿಡದಲ್ಲೇ ಸೀಳಿದವು. ದುಂಡಾಣು ಅಂಗಮಾರಿ ರೋಗ. ಸೊಲ್ಲಾಪುರದ ಕಡೆಯವರು ಇದನ್ನು ತೇಲ್ಯಾ ಎನ್ನುತ್ತಾರೆ, ಎಣ್ಣೆ ಹತ್ತಿದ್ದು ಎಂಬ ಅರ್ಥದಲ್ಲಿ. ಎರಡು ವರ್ಷ ಸಿಂಪಡಿಸಿದೆ, ಸವರಿದೆ, ಸುಟ್ಟೆ. 2011ರಲ್ಲಿ ಜೆಸಿಬಿ ತರಿಸಿ ಅಷ್ಟನ್ನೂ ಕೀಳಿಸಿದೆ.

ಎರೆ ಹೊಲವನ್ನೂ ಮಸಾರಿಯಲ್ಲಿ ಎರಡು ಎಕರೆಯನ್ನೂ ಲಾವಣಿಗೆ (ಗುತ್ತಿಗೆಗೆ) ಕೊಟ್ಟು, ಪಟ್ಟಣದಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಬಿಲ್ ಬರೆಯಲು ಸೇರಿದೆ. ತಿಂಗಳಿಗೆ 7,000 ರೂಪಾಯಿ. ಉಳಿದ ಒಂದು ಎಕರೆ ಬೀಳು ಬಿತ್ತು. ತಮಾಷೆ ನೋಡಿ, ಆ ಅಂಗಡಿಯಲ್ಲಿ ದಿನಕ್ಕೆ ಹತ್ತು ಮಂದಿ ರೈತರು ಏನು ಹಾಕಬೇಕೆಂದು ನನ್ನನ್ನೇ ಕೇಳುತ್ತಿದ್ದರು, ನಾನು ಹೇಳುತ್ತಲೂ ಇದ್ದೆ. ಧಾರವಾಡದ ಕೃಷಿ ಮೇಳ, ಬಾಗಲಕೋಟೆಯ ತೋಟಗಾರಿಕೆ ಮೇಳ ಒಂದನ್ನೂ ಬಿಟ್ಟವನಲ್ಲ. ಮೇಳದಿಂದ ಚೀಲ ತುಂಬ ಕರಪತ್ರ ತಂದು ರಾತ್ರಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ.

2017ರ ಭಾದ್ರಪದದಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಅವ್ವ ತಟ್ಟೆಯಲ್ಲಿ ರೊಟ್ಟಿಯ ಪಕ್ಕ ಒಂದು ಹಿಡಿ ಹಸಿ ಮೆಂತ್ಯ ತಪ್ಪಲು ಇಟ್ಟಳು. ಎಲ್ಲಿಯದು ಎಂದೆ. ಬಚ್ಚಲ ನೀರು ಹರಿಯುವ ಕಡೆ ಡಬ್ಬಿಯಿಂದ ಒಂದಿಷ್ಟು ಕಾಳು ಉದುರಿಸಿದ್ದಳಂತೆ, ತಿಂಗಳೂ ಆಗಿರಲಿಲ್ಲ. ಆ ಹೊತ್ತಿಗೆ ನಾನು ಹನಿ ನೀರಾವರಿಯ ನಾಲ್ಕು ಕಂಪನಿಗಳ ದರಪಟ್ಟಿ ಹೋಲಿಸುತ್ತಿದ್ದೆ. “ತಮ್ಮಾ, ಇದನ್ನೂ ಬರೆದುಕೊಂಡೆಯಾ?” ಎಂದಳು. ವ್ಯಂಗ್ಯವೋ ನಿಜವಾಗಿಯೇ ಕೇಳಿದಳೋ ನನಗೆ ಇಂದಿಗೂ ತಿಳಿಯದು.

ಅದು ಹದವೋ, ಹೆದರಿಕೆಯೋ

ಮೊದಲು ಮಾಡಬೇಕಾದ ಕೆಲಸ ಇದು: ನೀವು ಕಾಯುತ್ತಿರುವುದು ಹದಕ್ಕಾಗಿಯೋ ಅಥವಾ ಹೆದರಿಕೆಯಿಂದಲೋ ಎಂದು ಪರೀಕ್ಷಿಸಿಕೊಳ್ಳುವುದು. ಕಾಯುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂದು ಹೇಳಿಸಿಕೊಂಡು ಬೆಳೆದವರು ನಾವು. ಹಸಿ ಎರೆಗೆ ಎತ್ತು ಇಳಿಸಿದರೆ ಹೆಂಟೆ ಏಳುತ್ತದೆ, ಆ ವರ್ಷ ಹೊಲ ಕೆಟ್ಟಂತೆಯೇ.

ಆದರೆ ಹದವನ್ನು ನೋಡುವ ಕ್ರಮ ಗೊತ್ತೇ? ಹೊಲದ ನಡುವೆ ನಿಂತು ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆಯಬೇಕು. ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡಬೇಕು. ಸೆಗಣಿಯಂತೆ ತಪ್ಪೆಂದು ಕೂತರೆ ಇನ್ನೂ ಹಸಿ. ಉಂಡೆಯೇ ಕಟ್ಟದಿದ್ದರೆ ಹದ ಆರಿದೆ, ತಡವಾಯಿತು. ಬಿದ್ದು ಪುಡಿಪುಡಿಯಾಗಿ ಚೆದುರಿದರೆ ಮರುದಿನವೇ ಕೂರಿಗೆ ಹೂಡಬೇಕು. ಇಡೀ ಪರೀಕ್ಷೆಗೆ ಒಂದು ನಿಮಿಷ ಸಾಕು, ಉತ್ತರ ಕೈಯಲ್ಲೇ ಸಿಗುತ್ತದೆ. ಮುಖ್ಯವಾದ ಮಾತೆಂದರೆ, ಇದನ್ನು ಹೊಲಕ್ಕೆ ಹೋಗದೆ ಮಾಡಲು ಬರುವುದಿಲ್ಲ.

ನನ್ನ ಏಳು ನೋಟ್‌ಬುಕ್‌ಗಳಲ್ಲಿ ಹೊಲಕ್ಕೆ ಹೋಗಿ ಬರೆದ ಸಾಲು ಒಂದೂ ಇರಲಿಲ್ಲ. ಅದೇ ಗುರುತು. ನೀವೂ ಹೀಗೆ ನೋಡಿ: ಕಳೆದ ವಾರ ಬರೆದದ್ದು, ಓದಿದ್ದು, ಮೊಬೈಲಿನಲ್ಲಿ ನೋಡಿದ್ದು ನಾಳೆ ಬೆಳಿಗ್ಗೆ ನೀವು ಮಾಡುವ ಕೆಲಸವನ್ನು ಒಂದು ಎಳ್ಳಿನಷ್ಟಾದರೂ ಬದಲಿಸಿತೇ? ಬದಲಿಸಿದ್ದರೆ ಅದು ಯೋಜನೆ, ಮುಂದುವರಿಸಿ. ಇಲ್ಲವಾದರೆ ನೀವು ಬಚ್ಚಿಟ್ಟುಕೊಂಡಿದ್ದೀರಿ. ನಾನು ಬಚ್ಚಿಟ್ಟುಕೊಂಡದ್ದು ಒಂದು ಎಕರೆ ಬೀಳು ಹೊಲದಿಂದ. ಆ ಹೊಲದ ಬದು ಕಣ್ಣಿಗೆ ಬೀಳಬಾರದೆಂದು ಒಂದೂವರೆ ಕಿಲೋಮೀಟರ್ ಸುತ್ತು ಹಾಕಿ ಅಂಗಡಿಗೆ ಹೋಗುತ್ತಿದ್ದೆ.

ಹಳೆಯ ನಷ್ಟಕ್ಕೆ ಒಂದೇ ಹಾಳೆ

ಹಳೆಯದನ್ನು ಮರೆಯಿರಿ ಎಂದು ಹೇಳುವವರ ಮಾತು ನನಗೆ ಯಾವತ್ತೂ ಒಗ್ಗಿಲ್ಲ. ಹೆಂಡತಿಯ ಬೋರಮಾಳ, ಆ ಚಿನ್ನದ ಗುಂಡಿನ ಸರ, ಮಾರಿದ ದಿನವನ್ನು ಮರೆಯುವುದು ಹೇಗೆ? ಮರೆಯುವುದು ಬೇಡ, ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೆ ಒಂದೇ ಹಾಳೆ, ಒಂದೇ ಸಲ ಕೂತು. ನಾನು ಮಾಡಿದ್ದು ಹೀಗೆ. ಹಾಳೆಯನ್ನು ಮೂರು ಪಾಲು ಮಾಡಿದೆ. ಮಳೆರಾಯ ಮಾಡಿದ್ದು, ನಾನು ಮಾಡಿದ್ದು, ಇನ್ನೂ ಬಾಕಿ ಇರುವುದು.

ಮೊದಲನೆಯ ಪಾಲಿನಲ್ಲಿ ಒಂದೇ ಸಾಲು: 2009ರ ಮಳೆ. ಸಸಿ ಕೊಟ್ಟ ನರ್ಸರಿಯಿಂದಲೇ ರೋಗ ಬಂದಿತ್ತೆಂದು ನನಗೆ ಗುಮಾನಿ ಇತ್ತು, ಅದನ್ನೂ ಅಲ್ಲೇ ಬರೆದೆ. ಎರಡನೆಯ ಪಾಲು ಬರೆಯುವಾಗ ಕೈ ನಡುಗಿತು. ರೋಗ ಹತ್ತಿದ ಗಿಡ ಸವರಿದ ಕತ್ತರಿಯನ್ನು ತೊಳೆಯದೆ ಮುಂದಿನ ಗಿಡಕ್ಕೆ ಒಯ್ದವನು ನಾನು. ಚಾಟ್ನಿ ಮಾಡುವಾಗ, ಅಂದರೆ ಟೊಂಗೆ ಸವರುವಾಗ, ಗಿಡಗಿಡಕ್ಕೂ ಕತ್ತರಿಯನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೆಗೆಯಬೇಕೆಂದು ಹೇಳಿದ್ದರು, ಯಾರು ಅಷ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಮೂರು ಎಕರೆಗೂ ಒಂದೇ ಬೆಳೆ ಹಾಕಿದವನೂ ನಾನು. ಬ್ಯಾಂಕಿನ ಸಾಲದ ಮೇಲೆ 80,000 ಕೈಗಡ ತಂದವನೂ ನಾನು. ಮೂರು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 2,400. ಅಂಗಡಿಯ ಸಂಬಳದ ಮೂರನೆಯ ಒಂದು ಪಾಲು ಅಲ್ಲಿಗೇ ಹೋಗುತ್ತಿತ್ತು. ಬೋರಮಾಳ ಹೋದದ್ದು ಆ ಗಂಟನ್ನು ಬಿಡಿಸಲು. ಅದನ್ನು ಮರಳಿ ತರುವುದೇ ಮೂರನೆಯ ಪಾಲಿನ ಬಾಕಿ.

ಆ ಹಾಳೆಯಿಂದ ಮೂರು ಕಟ್ಟಳೆ ಹುಟ್ಟಿದವು. ಇಡೀ ಹೊಲಕ್ಕೆ ಒಂದೇ ಬೆಳೆ ಹಾಕುವುದಿಲ್ಲ. ಒಂದು ತಿಂಗಳ ಸಂಬಳದಿಂದ ತೀರಿಸಲಾಗದ ಸಾಲ ಮಾಡುವುದಿಲ್ಲ. ಕತ್ತರಿ ಅದ್ದದೆ ಇನ್ನೊಂದು ಗಿಡ ಮುಟ್ಟುವುದಿಲ್ಲ. ಆರು ವರ್ಷದ ಸಂಕಟದಲ್ಲಿ ಮುಂದೆ ಕೆಲಸಕ್ಕೆ ಬರುವಂಥದ್ದು ಇಷ್ಟೇ ಇತ್ತು. ಹಾಳೆಯನ್ನು ಮಡಚಿ ಹೊಲದ ಪಹಣಿಯ ಜೊತೆ ಇಟ್ಟೆ. ಅದನ್ನು ನೆನೆದು ರಾತ್ರಿ ಎಚ್ಚರವಾದಾಗಲೆಲ್ಲ, ಅದು ಬರೆದಾಗಿದೆ ಎಂದು ಹೇಳಿಕೊಳ್ಳುತ್ತಿದ್ದೆ. ಎಲ್ಲ ಸಲವೂ ನಿದ್ದೆ ಬರುತ್ತಿತ್ತೆಂದಲ್ಲ.

ಇಲ್ಲೊಂದು ಮಾತು ಸೇರಿಸಲೇಬೇಕು. ಎದ್ದು ಮುಖ ತೊಳೆಯಲೂ ಮನಸ್ಸಾಗದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ಹಾಳೆ ಪೆನ್ನಿನಿಂದ ಬಗೆಹರಿಯುವುದಲ್ಲ, ಮೆಂತ್ಯದ ಮಡಿಯಿಂದಲೂ ಅಲ್ಲ. ಮನೆಯವರಿಗೆ ಹೇಳಿ, ವೈದ್ಯರ ಹತ್ತಿರ ಹೋಗಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ನನ್ನ ಕಾಲಕ್ಕೆ ಅದು ಇರಲಿಲ್ಲ, ಇದ್ದಿದ್ದರೆ ಮಾಡುತ್ತಿದ್ದೆ.

ಮೊದಲ ದಿನ ಬಿತ್ತಬೇಡಿ

ಆ ವರ್ಷ ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆಯನ್ನು ಹೊಲದ ತುಂಬ ಚೆಲ್ಲಲು, ಅವ್ವ ಬುಟ್ಟಿಯನ್ನು ನನ್ನ ತಲೆಯ ಮೇಲೆ ಹೊರಿಸಿದಳು. ಎರೆ ಹೊಲ ಲಾವಣಿಯವರ ಪಾಲಾಗಿತ್ತು, ಚರಗ ಚೆಲ್ಲಲು ನಮಗೆ ಉಳಿದದ್ದು ಆ ಬೀಳು ಎಕರೆ ಒಂದೇ. ಹೋದೆ. ಜಾಲಿ ಆಳೆತ್ತರ ಬೆಳೆದಿತ್ತು. ಹಳೆಯ ಡ್ರಿಪ್ ಪೈಪುಗಳು ಬಿಸಿಲಿಗೆ ಬಿಳಿಚಿಕೊಂಡು ಹಾವಿನ ಪೊರೆಯಂತೆ ಅಲ್ಲಲ್ಲಿ ಬಿದ್ದಿದ್ದವು. ಜೆಸಿಬಿ ಕಿತ್ತ ಗುಂಡಿಗಳು ಅರ್ಧ ತುಂಬಿ, ಸಾಲು ಸಾಲಾಗಿ ಇನ್ನೂ ಗುರುತು ಸಿಗುವಂತಿದ್ದವು. ಒಂದು ಗುಂಡಿಯ ಅಂಚಿನಲ್ಲಿ ಹಳೆಯ ಬೊಡ್ಡೆಯೊಂದು ಚಿಗುರಿತ್ತು, ಆ ಚಿಗುರಿಗೂ ಚುಕ್ಕೆ ಹತ್ತಿತ್ತು. ಅವ್ವ ಚರಗ ಚೆಲ್ಲುತ್ತ ಮುಂದೆ ಹೋದಳು. ನಾನು ಬದುವಿನ ಮೇಲೆ ಕೂತುಬಿಟ್ಟೆ. ಬೆವರು ಕಿತ್ತುಕೊಂಡು ಬಂತು.

ಮರು ಭಾನುವಾರ ಒಬ್ಬನೇ ಹೋದೆ. ಬೀಜ ಒಯ್ಯಲಿಲ್ಲ, ಸನಿಕೆಯನ್ನೂ ಒಯ್ಯಲಿಲ್ಲ. ಪೈಪು ಆರಿಸುವುದು ಅಂದಿನ ಕೆಲಸ, ಅಷ್ಟೇ ಎಂದು ಮನೆಯಲ್ಲೇ ನಿಶ್ಚಯಿಸಿಕೊಂಡಿದ್ದೆ. ಎರಡು ತಾಸು ಪೈಪು ಆರಿಸಿ ಸುತ್ತಿ ಬದುವಿಗೆ ಒಟ್ಟಿದೆ, ಆ ಚಿಗುರಿದ ಬೊಡ್ಡೆಯನ್ನು ಕಿತ್ತು ಸುಟ್ಟೆ. ಹೆದರಿಕೆ ಹೋಗಿತ್ತೇ ಎಂದರೆ ಇಲ್ಲ. ಆದರೆ ಕೈಗೆ ಕೆಲಸ ಸಿಕ್ಕ ಮೇಲೆ ಅದು ಬದುವಿನ ಮೇಲೆ ಹೋಗಿ ಕೂತಿತ್ತು, ನಾನು ಹೊಲದೊಳಗೆ ಇದ್ದೆ. ಹೆದರಿಕೆ ಹೋದ ಮೇಲೆ ಇಳಿಯುತ್ತೇನೆ ಎಂದು ಆರು ವರ್ಷ ಕಾದದ್ದು ತಿರುಗುಮುರುಗಾಗಿತ್ತು.

ಆದ್ದರಿಂದ ನಿಮ್ಮ ಮೊದಲ ದಿನಕ್ಕೆ ಬರೀ ಸ್ವಚ್ಛ ಮಾಡುವ ಕೆಲಸ ಇಟ್ಟುಕೊಳ್ಳಿ. ಮುಚ್ಚಿದ ಅಂಗಡಿಯಾದರೆ ಬಾಗಿಲು ತೆಗೆದು ಕಸ ಗುಡಿಸಿ ಬನ್ನಿ. ಬಿಟ್ಟ ಓದಾದರೆ ಪುಸ್ತಕಗಳ ಧೂಳು ಒರೆಸಿ ಮೇಜಿನ ಮೇಲಿಡಿ. ಆ ಜಾಗದಲ್ಲಿ ಮೈ ಇರಬೇಕು, ಇಷ್ಟೇ ಷರತ್ತು.

ಕಳೆದುಕೊಂಡರೂ ನಿದ್ದೆ ಕೆಡದಷ್ಟು

ಏನು ಹಾಕುವುದು? ನೋಟ್‌ಬುಕ್ಕಿನ ಶ್ರೀಗಂಧಕ್ಕೆ ಫಲ ಕಾಣಲು ಹನ್ನೆರಡು ಹದಿನೈದು ವರ್ಷ ಬೇಕು. ಹೆದರಿದವನಿಗೆ ಅಂಥ ಬೆಳೆ ಬೇಡ. ನನಗೆ ತಿಂಗಳೊಳಗೆ ಹೌದೋ ಅಲ್ಲವೋ ಹೇಳಿಬಿಡುವ ಬೆಳೆ ಬೇಕಿತ್ತು. ಅವ್ವನ ಮೆಂತ್ಯಕ್ಕಿಂತ ಬೇರೆ ಯಾವುದಿದೆ? ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಎರಡು ಮಡಿ ಮಾಡಿದೆ. ಅಡುಗೆಮನೆಯ ಡಬ್ಬಿಯಿಂದ ಕಾಳು ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಬೂದಿಯಲ್ಲಿ ಹೊರಳಿಸಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಎಳೆದೆ. ಪಕ್ಕದ ಹೊಲದ ಕಾಕಾನ ಬೋರ್‌ವೆಲ್‌ನಿಂದ ಕೊಡದಲ್ಲಿ ನೀರು ಹೊತ್ತೆ. ನಾಲ್ಕನೆಯ ದಿನ ಮೊಳಕೆ ಮಣ್ಣನ್ನು ಎತ್ತಿ ನಿಂತಿತ್ತು. ಖರ್ಚಾದದ್ದು ಒಂದು ಹೊತ್ತಿನ ಚಹಾದಷ್ಟು. ಅದು ಪೂರ್ತಿ ಒಣಗಿದ್ದರೂ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಮೊದಲ ಕೆಲಸದ ಅಳತೆ ಇದೇ ಆಗಿರಲಿ: ಅದು ಕೆಟ್ಟರೆ ನೀವು ಯಾರಿಗೂ ಉತ್ತರ ಕೊಡಬೇಕಾಗಿ ಬರಬಾರದು.

ಇಪ್ಪತ್ತೇಳನೆಯ ದಿನ ಕಿತ್ತು, ಪುಂಡಿ ನಾರಿನಿಂದ ಕಟ್ಟು ಕಟ್ಟಿ ಅಮೀನಗಡದ ಸಂತೆಗೆ ಒಯ್ದೆ. ನಲವತ್ತು ಕಟ್ಟು. ಕಟ್ಟಿಗೆ ಐದು ರೂಪಾಯಿಯಂತೆ ಮೂವತ್ತೊಂದು ಹೋದವು. 155 ರೂಪಾಯಿ. ಪರಿಚಯದವರೊಬ್ಬರು ನಿಂತು, “ದಾಳಿಂಬೆ ಸಾಹುಕಾರ್ರು ಈಗ ತಪ್ಪಲು ಮಾರುತ್ತಾರಾ?” ಎಂದು ನಕ್ಕರು. ನಾಲ್ಕು ಕಟ್ಟು ಅವರಿಗೂ ಮಾರಿದೆ. ಆ ಮಾತಿಗೇ ಆರು ವರ್ಷ ಅಂಜಿದ್ದೆನೆಂದು ಅಂದು ತಿಳಿಯಿತು. ಕೇಳಿಸಿಕೊಂಡ ಮೇಲೆ ಅದರ ತೂಕ ಇಪ್ಪತ್ತು ರೂಪಾಯಿ.

ಬೀಗಬೇಡಿ, ಎರಡನೆಯ ಸಲ ಕೆಟ್ಟಿತು. ಮೋಡ ಮುಸುಕಿದ ವಾರದಲ್ಲಿ ನೀರು ಹೆಚ್ಚು ಹಾಕಿದೆ, ಬುಡ ಕೊಳೆತು ಸಸಿಗಳು ಒಂದೊಂದಾಗಿ ಮಲಗಿದವು. ಹಳೆಯ ಹೆದರಿಕೆ ಮತ್ತೆ ಮೈಮೇಲೆ ಬಂತು, ಅಂದು ರಾತ್ರಿ ಎಂಟನೆಯ ನೋಟ್‌ಬುಕ್ ಕೊಳ್ಳಬೇಕೆನಿಸಿತು. ನನ್ನನ್ನು ಉಳಿಸಿದ್ದು ಧೈರ್ಯವಲ್ಲ, ಅಷ್ಟರಲ್ಲಾಗಲೇ ಬಿತ್ತಿಬಿಟ್ಟಿದ್ದ ಮೂರನೆಯ ಮಡಿ. ಎಂಟು ದಿನಕ್ಕೊಂದರಂತೆ ಮಡಿ ಹಾಕುತ್ತ ಹೋಗಿದ್ದೆ, ಸಂತೆ ಸಂತೆಗೂ ತಪ್ಪಲು ಇರಲಿ ಎಂದು. ಅದರಿಂದ ಬೇರೊಂದು ಲಾಭವೂ ಇತ್ತು. ಒಂದರ ಫಲ ಗೊತ್ತಾಗುವ ಮೊದಲೇ ಇನ್ನೊಂದು ನೆಲದಲ್ಲಿದ್ದರೆ, ಕೆಟ್ಟದ್ದರ ಮುಂದೆ ಕೂತು ಅಳಲು ಪುರುಸೊತ್ತಾಗುವುದಿಲ್ಲ, ನೀರು ಹಾಕುವುದಿರುತ್ತದೆ. ಬರೆಯುವವರಾಗಲಿ, ಹೊಲಿಯುವವರಾಗಲಿ, ಉದ್ಯೋಗಕ್ಕೆ ಅರ್ಜಿ ಹಾಕುವವರಾಗಲಿ ಇದನ್ನು ಮಾಡಬಹುದು. ಒಂದರ ಉತ್ತರ ಬರುವುದರೊಳಗೆ ಮುಂದಿನದನ್ನು ಕಳಿಸಿರಿ.

ಊರಿಗೆಲ್ಲ ಹೇಳಿಕೊಂಡು ಬರಬೇಡಿ. ಹೇಳಿದ ಮಾತ್ರಕ್ಕೆ ಮಾಡಿದಷ್ಟೇ ಸಂತೋಷವಾಗಿಬಿಡುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ ಒಬ್ಬರಿಗೆ, ಒಂದು ದಿನಕ್ಕೆ, ಇಂತಿಷ್ಟು ಕೊಡುತ್ತೇನೆಂದು ಒಪ್ಪಿಕೊಳ್ಳಿ. ನಾನು ಹುನಗುಂದದ ಖಾನಾವಳಿಯೊಂದಕ್ಕೆ ಪ್ರತಿ ಗುರುವಾರ ಹದಿನೈದು ಕಟ್ಟು ಒಪ್ಪಿಕೊಂಡೆ. ಬುಧವಾರ ಸಂಜೆ ನನ್ನ ಮನಸ್ಸು ಹೇಗಿದೆ ಎಂದು ಆ ಖಾನಾವಳಿಯ ಅಕ್ಕನಿಗೆ ಬೇಕಾಗಿರಲಿಲ್ಲ.

ಸೋಮವಾರ ಮಾತ್ರ

ಯೋಜನೆ ಬಿಟ್ಟೇಬಿಟ್ಟೆನೇ? ಇಲ್ಲ, ಅದಕ್ಕೊಂದು ದಿನ ಗೊತ್ತುಮಾಡಿದೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತು ಮಲಗಿದ ದಿನ ಮಾತ್ರ ನನ್ನ ಪೆನ್ನು ಎದ್ದಿರುತ್ತದೆ. ಸಂಜೆ ಒಂದು ಪುಟ: ಹೋದ ವಾರ ಕಂಡದ್ದು, ಈ ವಾರ ಮಾಡುವುದು. ಪುಟ ತುಂಬಿದರೆ ಅಲ್ಲಿಗೆ ನಿಲ್ಲಿಸಬೇಕು. ಮಂಗಳವಾರ ಏನಾದರೂ ಹೊಳೆದರೆ ಮುಂದಿನ ಸೋಮವಾರದವರೆಗೆ ಕಾಯಲಿ. ಬಹಳಷ್ಟು ಸಲ ಅಷ್ಟರಲ್ಲಿ ಅದು ತಾನೇ ಬಾಡಿರುತ್ತದೆ.

ಕೆಲವು ಕೆಲಸಗಳಿಗೆ ಮಾತ್ರ ಈ ಆತುರ ಸಲ್ಲದು. ಕೊಳವೆ ಬಾವಿ ಕೊರೆಸುವುದು, ಬ್ಯಾಂಕಿನ ಸಾಲ, ಹತ್ತಾರು ವರ್ಷ ನಿಲ್ಲುವ ಗಿಡ. ಮಾಡಿದ ಮೇಲೆ ಹಿಂದಕ್ಕೆ ತೆಗೆಯಲಾಗದ ಕೆಲಸವಾದರೆ ಮಣ್ಣು ನೀರು ಪರೀಕ್ಷೆ ಮಾಡಿಸಿ, ನಾಲ್ಕು ತೋಟ ಸುತ್ತಿ, ಆಗಲೂ ಒಂದು ತಿಂಗಳ ಗಡುವು ಹಾಕಿಕೊಳ್ಳಿ. ಹಿಂದಕ್ಕೆ ತೆಗೆಯಬಹುದಾದದ್ದಕ್ಕೆ ಒಂದು ಸೋಮವಾರ ಸಾಕು. ಈ ಎರಡನ್ನು ಬೇರೆ ಮಾಡಲು ಬಂದರೆ ನಿಮ್ಮ ನೋಟ್‌ಬುಕ್ಕಿನ ಮುಕ್ಕಾಲು ಪಾಲು ಉದುರುತ್ತದೆ. ನನ್ನದು ಉದುರಿತು.

2019ರಲ್ಲಿ ಅಂಗಡಿಯ ಕೆಲಸ ಬಿಟ್ಟೆ. ಈಗ ಆ ಒಂದು ಎಕರೆಯಲ್ಲಿ ಇಪ್ಪತ್ತೆರಡು ಗುಂಟೆ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ರಾಜಗಿರಿ ಸರದಿಯಲ್ಲಿ ಬರುತ್ತವೆ. ಉಳಿದದ್ದರಲ್ಲಿ ನುಗ್ಗೆ ಇದೆ. ಎರೆ ಹೊಲ ಲಾವಣಿಯಿಂದ ಬಿಡಿಸಿಕೊಂಡು ಹಿಂಗಾರಿ ಜೋಳ ಹಾಕುತ್ತೇನೆ. ಬೋರಮಾಳ ಇನ್ನೂ ಬಂದಿಲ್ಲ.

ಎರಡು ವರ್ಷದ ಹಿಂದೆ ಬದುವಿನ ಗುಂಟ ಹನ್ನೆರಡು ದಾಳಿಂಬೆ ಸಸಿ ಇಟ್ಟೆ. ಯಾಕೆ ಎಂದು ಹೆಂಡತಿ ಕೇಳಿದಳು. ಹನ್ನೆರಡು ಹೋದರೆ ಹೋಗಲಿ ಎಂದೆ. ಕಳೆದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಏಳನೆಯ ಗಿಡದ ಎಲೆಯೊಂದರ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆ ಕಂಡಿತು. ಬಿಸಿಲಿಗೆ ಹಿಡಿದು ನೋಡಿದೆ, ಅದೇ. ಚುಕ್ಕೆ ಹತ್ತಿದ ಟೊಂಗೆಯನ್ನು ಎರಡು ಬೆರಳು ಕೆಳಗಿನಿಂದ ಕತ್ತರಿಸಿದೆ, ಬ್ಲೀಚಿಂಗ್ ನೀರಿನ ಡಬ್ಬಿಯಲ್ಲಿ ಕತ್ತರಿ ಅದ್ದಿದೆ, ಉದುರಿದ ಎಲೆ ಆರಿಸಿ ಸುಟ್ಟೆ. ಮಳೆ ಬಿಟ್ಟ ಮೇಲೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೊ ದ್ರಾವಣ ಮಾಡಿ ಹನ್ನೆರಡಕ್ಕೂ ಹೊಡೆದೆ. ಅಂದು ಬುಧವಾರ. ಗುರುವಾರದ ಹದಿನೈದು ಕಟ್ಟು ಇನ್ನೂ ಕೀಳಬೇಕಿತ್ತು, ಕೈ ತೊಳೆದುಕೊಂಡು ಮೆಂತ್ಯದ ಮಡಿಗೆ ಹೋದೆ.